ಪೂಲ್ ನೆಲದ ಮೇಲಿರಲೋ, ನೆಲದೊಳಗಿರಲೋ?

ಏಪ್ರಿಲ್‌ನಲ್ಲಿ ಕಲಬುರಗಿ ಬಿಸಿಲು 42 ದಾಟಿತೆಂದರೆ ನನಗೆ ಫೋನ್ ಶುರು. ಮನೆ ಕಟ್ಟಿಸುವುದು ನನ್ನ ಕಸುಬು. "ಸರ್, ಹುಡುಗ್ರಿಗೆ ಮನ್ಯಾಗ ಒಂದು ಸ್ವಿಮ್ಮಿಂಗ್ ಪೂಲ್ ಬೇಕಾಗೇದ. ರೆಡಿಮೇಡ್ ತಂದು ಇಡೂದು ಛಲೋನೋ, ನೆಲ ತೋಡಿ ಕಟ್ಟಸೂದು ಛಲೋನೋ?" ಬಜೆಟ್ ಮಾತು ಆಮೇಲೆ. ಮೊದಲು ನಿಮ್ಮ ಪ್ಲಾಟಿನ ಮಣ್ಣು ಯಾವುದು ಹೇಳಿ.

ಅಂಗಳದ ಮೂಲೆಯಲ್ಲಿ ಆಳುದ್ದದ ಗುಂಡಿ ತೋಡಿಸಿ. ಎರಡು-ಮೂರು ಅಡಿಗೇ ಮುರಂ (ಗರಸು ಮಣ್ಣು) ಇಲ್ಲವೇ ಗಟ್ಟಿ ಕಲ್ಲು ಹತ್ತಿದರೆ ನೆಲದೊಳಗಿನ ಪೂಲಿಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಎಷ್ಟೋ ಲೇಔಟ್‌ಗಳು ಮೊನ್ನೆಮೊನ್ನೆವರೆಗೆ ತೊಗರಿ ಬೆಳೆದ ಹೊಲಗಳು. ಅಲ್ಲಿ ತಳದವರೆಗೂ ಎರಿ ಮಣ್ಣೇ, ಅಂದರೆ ಕಪ್ಪು ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಪೈಪಿನ ಜಾಯಿಂಟಿನಲ್ಲಿ ಸಣ್ಣಗೆ ಸೋರಿದರೂ ಸಾಕು, ಆ ಬದಿಯ ಮಣ್ಣಷ್ಟೇ ಉಬ್ಬಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಗೋಡೆ ಸೀಳುತ್ತದೆ, ಸೋರಿಕೆ ಹೆಚ್ಚುತ್ತದೆ, ಮಣ್ಣು ಇನ್ನೂ ಉಬ್ಬುತ್ತದೆ. ಮಳೆಗಾಲದಲ್ಲಿ ಪೂಲ್ ಖಾಲಿ ಬಿಟ್ಟರಂತೂ ಒಳಗಿನಿಂದ ಎದುರೊತ್ತಲು ನೀರೂ ಇರುವುದಿಲ್ಲ. ಇಂಥಲ್ಲಿ ಇಟ್ಟಂಗಿ ಗೋಡೆ ನಡೆಯದು. ತಳ-ಗೋಡೆ ಒಂದಾಗಿರುವ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ತೊಟ್ಟಿ, ಸುತ್ತಲಿನ ಎರಿ ತೆಗೆದು ಮುರಂ ತುಂಬಿ ದಮ್ಮಸ್ಸು: ಇಷ್ಟಕ್ಕೆ ತಯಾರಿದ್ದರೆ ಕಟ್ಟಿಸಿ.

ಇಲ್ಲದಿದ್ದರೆ ನೆಲದ ಮೇಲಿನದೇ ಸಾಕು. ನೀರಿನ ಲೆಕ್ಕವೂ ಅದನ್ನೇ ಹೇಳುತ್ತದೆ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ನೆಲದೊಳಗಿನ ಪೂಲಿಗೆ ಸುಮಾರು 22,500 ಲೀಟರ್ ಬೇಕು. ಅದು ಒಂದು ಸೆಂಟಿಮೀಟರ್ ಆರಿದರೂ 180 ಲೀಟರ್ ಹೋಯಿತು. ನೆಲದ ಮೇಲಿಡುವ 12 ಅಡಿ ಅಗಲದ ದುಂಡನೆಯದು ಎರಡೂವರೆ ಅಡಿ ತುಂಬಲು 8,000 ಲೀಟರ್ ಸಾಕು. ಬೇಸಿಗೆಯಲ್ಲಿ ಭೀಮಾ, ಬೆಣ್ಣೆತೊರೆ ನೀರಿನ ಪರದಾಟ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ.

"ಮಾಳಗಿ ಮ್ಯಾಲ ಇಡೋಣ್ರಿ, ಜಾಗ ಖಾಲಿನೇ ಅದ" ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಓಡಾಡುವ ಮಾಳಗಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 150 ಕಿಲೋ. ಬರೀ ಎರಡಡಿ ನೀರೇ 600 ಕಿಲೋ ತೂಗುತ್ತದೆ, ಅದರಲ್ಲಿ ಕುಣಿಯುವ ಮಕ್ಕಳು ಬೇರೆ.

ಅಂಗಳದಲ್ಲಿ ಇಡುವಾಗಲೂ ಮಟ್ಟ ನೋಡಿ. ಒಂದು ಬದಿ ವಾಲಿದರೆ ಅಲ್ಲಿಯ ಗೋಡೆಗೇ ನೀರಿನ ಒತ್ತಡ ಹೆಚ್ಚು. ಶಹಾಬಾದ್ ಫರಸಿ ಹಾಸಿದ ಅಂಗಳವಾದರೆ ಎರಡು ಕಲ್ಲು ಕೂಡುವಲ್ಲಿ ಬೆರಳಾಡಿಸಿ. ಎದ್ದಿರುವ ಅಂಚು ಪೂಲಿನ ತಳದ ಪ್ಲಾಸ್ಟಿಕ್ಕನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಅಂಚು ತಿಕ್ಕಿಸಿ, ಮೇಲೆ ದಪ್ಪ ಫೋಮ್ ಶೀಟ್ ಹಾಸಿ. ಮಧ್ಯಾಹ್ನ ಮುಚ್ಚಿಡಿ, ನೀರೂ ಉಳಿಯುತ್ತದೆ, ಕ್ಲೋರಿನ್ನೂ ಬಿಸಿಲಿಗೆ ಹಾರುವುದಿಲ್ಲ. ದೊಡ್ಡವರು ಯಾರೂ ಹತ್ತಿರ ಇಲ್ಲದಾಗ ಏಣಿ ತೆಗೆದು ಮನೆಯೊಳಗಿಡಿ.

ಖಾಲಿ ಮಾಡುವ ಮುಂಚೆ ನಾಲ್ಕಾರು ದಿನ ಕ್ಲೋರಿನ್ ಹಾಕದೆ ಬಿಟ್ಟು, ನೀರನ್ನು ಪೈಪಿನಲ್ಲಿ ಗಿಡಗಳಿಗೆ ಹರಿಸಿ. ಮನೆ ಗೋಡೆಯ ಬುಡಕ್ಕೆ ಮಾತ್ರ ಬಿಡಬೇಡಿ, ಅಲ್ಲೂ ಇರುವುದು ಅದೇ ಎರಿ ಮಣ್ಣು.