ಹೆಸರು ಅಳಿಸಿದ್ದೆವು, ಆದರೂ ಆಕೆ ಯಾರೆಂದು ಗೊತ್ತಾಗಿಹೋಯಿತು

ಪಾಂಡವಪುರದ ಸುತ್ತಲಿನ ಹಳ್ಳಿಗಳಲ್ಲಿ ಟಿಬಿ ಚಿಕಿತ್ಸೆ ಪಡೆಯುತ್ತಿರುವವರನ್ನು ಮಾತಾಡಿಸಿ ಮಾಹಿತಿ ಸೇರಿಸುವ ಅಧ್ಯಯನವೊಂದರಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಮಾತ್ರೆ ಯಾಕೆ ಮಧ್ಯದಲ್ಲಿ ನಿಲ್ಲುತ್ತದೆ, ಕೂಲಿ ಎಷ್ಟು ದಿನ ತಪ್ಪುತ್ತದೆ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ಇವೇ ನಮ್ಮ ಪ್ರಶ್ನೆಗಳು.

ಮೈಸೂರಿನ ಕಚೇರಿಯಲ್ಲಿ ಒಂದು ಮಧ್ಯಾಹ್ನ ಎಕ್ಸೆಲ್ ಹಾಳೆಯನ್ನು ದೊಡ್ಡ ಪರದೆಗೆ ಹಾಕಿ ತಂಡಕ್ಕೆ ತೋರಿಸುತ್ತಿದ್ದೆ. ಹೆಸರು, ಫೋನ್ ನಂಬರ್, ಆಧಾರ್ ಯಾವುದೂ ಅದರಲ್ಲಿರಲಿಲ್ಲ. ಹೊಸದಾಗಿ ಸೇರಿದ್ದ, ಅದೇ ಹೋಬಳಿಯ ಹುಡುಗಿ ಒಂದು ಸಾಲು ಓದಿದವಳೇ, "ಅಕ್ಕ, ಇವ್ರು ನಮ್ಮತ್ತೆ ಮನೆ ಪಕ್ಕದೋರು ಕಣಕ್ಕ. ಅವ್ರಿಗೆ ಟಿಬಿನಾ?" ಅಂದಳು.

ಆ ಸಾಲಿನಲ್ಲಿ ಇದ್ದದ್ದು ಇಷ್ಟು: ಊರು, ವಯಸ್ಸು 34, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು, ಟೈಲರಿಂಗ್. (ಇಲ್ಲಿ ಬರೆಯುವಾಗ ವಿವರಗಳನ್ನು ಬದಲಾಯಿಸಿದ್ದೇನೆ.) ಇನ್ನೂರು ಮನೆಯ ಊರಲ್ಲಿ ಇಷ್ಟು ಹೇಳಿದರೆ ಹೆಸರು ಹೇಳಿದ ಹಾಗೆಯೇ.

ಹುಡುಗಿಯದು ತಪ್ಪಲ್ಲ, ನನ್ನದು. ಮೂರು ವಾರದ ಹಿಂದೆ ಅದೇ ಹೆಂಗಸಿನ ಜಗಲಿ ಮೇಲೆ ಕೂತು "ಯಾರಿಗೂ ಗೊತ್ತಾಗಲ್ಲ" ಎಂದು ಮಾತು ಕೊಟ್ಟವಳು ನಾನು. "ನಾಳೆ ಮಕ್ಕಳಿಗೆ ಗಂಡು ನೋಡ್ಬೇಕು, ಮೇಡಂ" ಎಂದು ಎರಡು ಸಲ ಹೇಳಿ ಆಮೇಲೆ ಆಕೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು.

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ, ಹೆಸರು ತೆಗೆದಿದ್ದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ, ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಇಷ್ಟರಿಂದಲೇ ಮ್ಯಾಸಚೂಸೆಟ್ಸ್ ಗವರ್ನರ್ ಅವರ ದಾಖಲೆಯನ್ನು ಪತ್ತೆಹಚ್ಚಿದ್ದರು. ಟ್ರೈನಿಂಗ್‌ನಲ್ಲಿ ಕೇಳಿದ್ದೆ. ಅದು ಕಂಪ್ಯೂಟರ್ ಬಲ್ಲವರ ಸಂಗತಿ ಎಂದು ಬಿಟ್ಟಿದ್ದೆ. ನಮ್ಮ ಕಡೆ ಮತದಾರರ ಪಟ್ಟಿಯೂ ಬೇಡ, ಬೆಳಗ್ಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರು ಸಾಕು.

ಆ ವಾರವೇ ಹಾಳೆ ಬದಲಾಯಿತು. ಊರಿನ ಜಾಗಕ್ಕೆ ತಾಲ್ಲೂಕು, 34ರ ಜಾಗಕ್ಕೆ 30–39, ಟೈಲರಿಂಗ್ ಬದಲು "ಸ್ವಂತ ಉದ್ಯೋಗ". ಒಂದು ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ ಗುಂಪಿಗೆ ಸೇರಿಸುತ್ತೇವೆ. ಹೆಸರಿನ ಬದಲು ಹಾಕುವ ಕೋಡ್‌ಗಳಲ್ಲಿ ಯಾವುದು ಯಾರದು ಎಂಬ ಪಟ್ಟಿ ಬೇರೆ ಕಡೆ, ಬೀಗದಲ್ಲಿ ಇದೆ. ನೋಡುವ ಅನುಮತಿ ಇಬ್ಬರಿಗೇ.

ಹಾಳೆಗಿಂತ ಹೆಚ್ಚು ಕಾಡಿದ್ದು ನಾವು ಊರೊಳಗೆ ಹೋಗುತ್ತಿದ್ದ ರೀತಿ. ಕೊರಳಲ್ಲಿ ಟಿಬಿ ಎಂದು ಬರೆದ ಟ್ಯಾಗು. ಬಸ್ಸಿಳಿದು ಅಂಗಡಿಯಲ್ಲಿ "ಇವರ ಮನೆ ಎಲ್ಲಿ?" ಎಂದು ಕೇಳುತ್ತಿದ್ದೆವು. ನಾವು ಆ ಬಾಗಿಲು ತಟ್ಟುವ ಮೊದಲೇ ಬೀದಿಗೆ ವಿಷಯ ಮುಟ್ಟಿರುತ್ತಿತ್ತು. ಸಂಜೆ ಲೆಕ್ಕ ಕೊಡಲು ತುಂಬಿದ ಫಾರಂನ ಫೋಟೋ ವಾಟ್ಸಾಪ್ ಗುಂಪಿಗೆ. ಆ ಫೋಟೋ ಹತ್ತು ಜನರ ಗ್ಯಾಲರಿಯಲ್ಲಿ ಉಳಿಯುತ್ತಿತ್ತು, ಅದೇ ಫೋನಲ್ಲಿ ಮನೆಯ ಮಕ್ಕಳು ಆಟ ಆಡುತ್ತಿದ್ದರು. ಈಗ ಟ್ಯಾಗಿನಲ್ಲಿ ಕಾಯಿಲೆಯ ಹೆಸರಿಲ್ಲ, ಫೋಟೋ ನಿಂತಿದೆ. ಮೊದಲೇ ಫೋನ್ ಮಾಡಿ ಎಲ್ಲಿ ಸಿಗೋಣ ಎಂದು ಅವರನ್ನೇ ಕೇಳುತ್ತೇವೆ. ಒಬ್ಬರು ಪಾಂಡವಪುರ ರೈಲ್ವೆ ಸ್ಟೇಷನ್ನಿನ ಬೆಂಚು ಆರಿಸಿಕೊಂಡರು. ಅಲ್ಲಿ ಒಂದೂವರೆ ಗಂಟೆ ಮನಸ್ಸು ಬಿಚ್ಚಿ ಮಾತಾಡಿದರು.

ಒಪ್ಪಿಗೆ ಪತ್ರವನ್ನೂ ತಿದ್ದಿ, ಅಧ್ಯಯನದಲ್ಲಿ ಭಾಗವಹಿಸುವವರ ಹಿತ ಕಾಯುವ ನೈತಿಕ ಸಮಿತಿಯ ಅನುಮತಿ ಪಡೆದೆವು. "ಯಾರಿಗೂ" ಎಂಬ ಮಾತೇ ಮೊದಲಿನಿಂದ ಸುಳ್ಳು. 2012ರಿಂದ ಟಿಬಿ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ಹೆಸರು ಟಿಬಿ ರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್ಲಿಗೆ ಹೋಗುತ್ತದೆ. ಅಧ್ಯಯನದ ದಾಖಲೆಯನ್ನು ನೈತಿಕ ಸಮಿತಿಯೂ ನೋಡಬಹುದು. ಈಗ ಯಾರು ನೋಡುತ್ತಾರೆ, ಯಾಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಎಂದು ಓದಿ ಹೇಳುತ್ತೇವೆ. ಕೇಳಿದ ಮೇಲೆ ಬೇಡ ಎಂದವರೂ ಇದ್ದಾರೆ, ಅದು ಅವರ ಹಕ್ಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಕೊಡುತ್ತದೆ ಎಂದು ನೆನಪಿಸುವ ಸಹೋದ್ಯೋಗಿಗಳಿದ್ದಾರೆ. ಜಗಲಿ ಮೇಲೆ ಕೊಟ್ಟ ಮಾತಿಗೆ ಯಾವ ಕಾಯ್ದೆಯೂ ವಿನಾಯಿತಿ ಕೊಡುವುದಿಲ್ಲ ಎಂದೇ ನನ್ನ ನಂಬಿಕೆ.

ಆಕೆಯ ಹತ್ತಿರ ಮತ್ತೆ ಹೋದೆ. ನಡೆದದ್ದನ್ನು ಹೇಳಿ, ಅಧ್ಯಯನದಿಂದ ಹೊರಗೆ ಬರಬಹುದು, ಚಿಕಿತ್ಸೆಗೆ ಏನೂ ತೊಂದರೆಯಾಗಲ್ಲ ಎಂದೆ. ತುಂಬ ಹೊತ್ತು ಸುಮ್ಮನಿದ್ದರು. ಹೊಲಿಯುತ್ತಿದ್ದ ರವಿಕೆಯ ನೂಲು ಕಡಿದು, "ನಾನಿರ್ತೀನಿ. ಮಕ್ಕಳ ಲೆಕ್ಕ ಮಾತ್ರ ತೆಗೆದುಬಿಡಿ" ಅಂದರು. ಅವರ ಎದುರಿಗೇ ಫಾರಂ ತೆಗೆದು ಆ ಎರಡು ಸಾಲಿನ ಮೇಲೆ ಗೀಟು ಎಳೆದೆ. ಅವರು ಬಗ್ಗಿ ನೋಡಿದರು. ಅಕ್ಷರ ಇನ್ನೂ ಕಾಣ್ತಿದೆ ಎಂದರು. ಮತ್ತೆ ಎಳೆದೆ.