ಬ್ಯಾಲರಾಟ್‌ನಲ್ಲಿ ಅಪ್ಪ ಜೇಬು ತೋರಿಸಿದ್ದು

ಜುಲೈ ರಜೆಯಲ್ಲಿ ಅಪ್ಪನನ್ನು ಬ್ಯಾಲರಾಟ್‌ಗೆ ಕರೆದುಕೊಂಡು ಹೋಗೋಣ ಅಂದಿದ್ದು ನನ್ನ ಮಗ. ಅವನಿಗೆ ಸ್ಕೂಲಲ್ಲಿ ಆಗ ಗೋಲ್ಡ್ ರಶ್ ಪಾಠ ನಡೆಯುತ್ತಿತ್ತು. "ತಾತನೂ ಗೋಲ್ಡ್ ಮೈನರ್ ತಾನೇ?" ಅಂತ ಕೇಳಿದ. ಅಲ್ಲಪ್ಪ, ತಾತ ಸುತ್ತಿಗೆ ಹಿಡಿದವರಲ್ಲ, ಕೆಜಿಎಫ್‌ನಲ್ಲಿ ವೈಂಡಿಂಗ್ ಇಂಜಿನ್ ಓಡಿಸುತ್ತಿದ್ದರು, ಗಣಿಯೊಳಗೆ ಜನರನ್ನು ಇಳಿಸುವ, ಎತ್ತುವ ಕೇಜು ಅವರ ಕೈಯಲ್ಲಿತ್ತು ಅಂದೆ. ಅವನಿಗೆ ಸ್ವಲ್ಪ ನಿರಾಸೆಯೇ ಆಯಿತು.

ನಾವಿರೋದು ಮೆಲ್ಬರ್ನ್‌ನಲ್ಲಿ. ಬ್ಯಾಲರಾಟ್ ಸುಮಾರು ಒಂದೂವರೆ ಗಂಟೆ ದಾರಿ. ಅಲ್ಲಿ ಸಾವ್ರಿನ್ ಹಿಲ್ ಅಂತ ಒಂದು ಜಾಗ, 1850ರ ದಶಕದ ಚಿನ್ನದೂರನ್ನೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, 1970ರಿಂದ ಇದೆ. ಮಣ್ಣಿನ ಬೀದಿ, ಕುದುರೆ ಗಾಡಿ, ಕಮ್ಮಾರನ ಕುಲುಮೆ, ಉದ್ದ ಲಂಗದ ಹೆಂಗಸರು. ಊರಿಂದ ಯಾರೇ ನೆಂಟರು ಬಂದರೂ ಕರೆದುಕೊಂಡು ಹೋಗುವ ಜಾಗ ನಮಗೆ. ಫೋಟೋ ತೆಗೆಯೋದು, ರಾಸ್ಪ್‌ಬೆರಿ ಪೆಪ್ಪರ್‌ಮೆಂಟು ಕೊಳ್ಳೋದು, ವಾಪಸ್ ಬರೋದು. ಅಪ್ಪನ ಜೊತೆ ಹಾಗಾಗಲಿಲ್ಲ.

ಒಳಗೆ ಕಾಲಿಟ್ಟವರೇ ಕೇಳಿದ ಮೊದಲ ಪ್ರಶ್ನೆ, "ಇಷ್ಟು ಜನಕ್ಕೆ ನೀರು ಎಲ್ಲಿಂದಮ್ಮ?"

ಮೂರು ಸಲ ಬಂದಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಡೇರೆಗಳ ಹತ್ತಿರ ಹಳೇ ಕಾಲದ ಕೋಟು ಹಾಕಿಕೊಂಡು ನಿಂತಿದ್ದ ಗೈಡ್‌ನನ್ನೇ ಕೇಳಿದೆವು. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿದ್ದೇ ತಡ ಹಳ್ಳದ ದಂಡೆ ಪೂರ್ತಿ ಡೇರೆ ಎದ್ದವಂತೆ. ಮಣ್ಣು ತೊಳೆಯೋದಕ್ಕೂ ಬಟ್ಟೆ ಒಗೆಯೋದಕ್ಕೂ ಕುಡಿಯೋದಕ್ಕೂ ಅದೇ ರಾಡಿ ನೀರು. ಭೇದಿ ಮಾಮೂಲಿ, ಮಕ್ಕಳು ಸಾಯೋದೂ ಮಾಮೂಲಿ. ಊಟಕ್ಕೆ ಕುರಿ ಮಾಂಸ, ಕೆಂಡದ ಬೂದಿಯಲ್ಲಿ ಸುಟ್ಟ ದಪ್ಪ ರೊಟ್ಟಿ, ಟೀ. ಅಪ್ಪ ತಲೆ ಆಡಿಸಿದರು. "ನಮಗೆ ಬೇತಮಂಗಲದ ಕೆರೆ ನೀರಾದ್ರೂ ನಲ್ಲೀಲಿ ಬರ್ತಿತ್ತಲ್ಲಮ್ಮ."

ಆ ನಲ್ಲಿ ನನಗೂ ನೆನಪಿದೆ. ಇಡೀ ಲೈನಿಗೆ, ಅಂದರೆ ಗಣಿ ಕೆಲಸಗಾರರ ಮನೆಗಳ ಸಾಲಿಗೆ, ಅದೊಂದೇ, ಬೆಳಗಿನ ಜಾವಕ್ಕೇ ಬಿಂದಿಗೆ ಸಾಲು. ನಮ್ಮ ಅಮ್ಮ ಬಾಯಿ ಸೊಟ್ಟಗಾದ ಅಲ್ಯೂಮಿನಿಯಂ ಬಿಂದಿಗೆಯನ್ನೇ ಸಾಲಿಗೆ ಇಡುತ್ತಿದ್ದಳು, ಅದನ್ನು ಯಾರೂ ಎತ್ತಿಕೊಂಡು ಹೋಗಲ್ಲ ಅಂತ.

ಚಿನ್ನ ತೋಡೋ ಲೈಸೆನ್ಸ್ ವಿಷಯ ಬಂದಾಗ ಅಪ್ಪ ಚಳಿಯಲ್ಲೂ ನಿಂತೇಬಿಟ್ಟರು. ತಿಂಗಳಿಗೆ 30 ಶಿಲ್ಲಿಂಗ್, ಚಿನ್ನ ಸಿಗಲಿ ಬಿಡಲಿ ಕಟ್ಟಲೇಬೇಕು. ಬ್ಯಾಲರಾಟ್‌ನಲ್ಲಿ ಮೇಲ್ಮಣ್ಣಿನ ಚಿನ್ನ ಬೇಗ ಮುಗಿದುಹೋಯಿತು, ಆಮೇಲೆ ನೆಲದಡಿ ಹೂತುಹೋದ ಹಳೇ ಹೊಳೆಗಳ ಪಾತ್ರದವರೆಗೆ ಬಾವಿ ತೋಡಬೇಕು, ತಿಂಗಳುಗಟ್ಟಲೆ ತೋಡಿ ಕೊನೆಗೆ ಬರೀ ಜಲ್ಲಿ ಸಿಕ್ಕರೂ ಫೀಸು ಫೀಸೇ. ಪೊಲೀಸರು ಚೆಕ್ ಮಾಡೋಕೆ ಬರೋದು ಕಂಡರೆ ಜನ "ಜೋ! ಜೋ!" ಅಂತ ಕೂಗುತ್ತಿದ್ದರಂತೆ. ಗವರ್ನರ್ ಚಾರ್ಲ್ಸ್ ಜೋಸೆಫ್ ಲಾ ಟ್ರೋಬ್ ಹೆಸರು ಹಿಡಿದು ಗೇಲಿ. ಕೂಗು ಕೇಳಿದ್ದೇ ತಡ ಲೈಸೆನ್ಸ್ ಇಲ್ಲದವರು ಮಾಯ. 1854ರ ಡಿಸೆಂಬರ್ 3, ಭಾನುವಾರ ಬೆಳಗಿನ ಜಾವ, ಯುರೇಕಾ ಅನ್ನೋ ಕಡೆ ಲೈಸೆನ್ಸ್ ವಿರೋಧಿಸಿ ಮರದ ದಿಮ್ಮಿಗಳ ಬೇಲಿ ಕಟ್ಟಿಕೊಂಡು ಕೂತಿದ್ದವರ ಮೇಲೆ ಸೈನಿಕರು ಬಿದ್ದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು, ಗಣಿಯವರೇ ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಮರುವರ್ಷ ತಿಂಗಳ ಲೈಸೆನ್ಸ್ ಹೋಗಿ ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಬಂತು. ಒಂದು ಕೈ ಕಳೆದುಕೊಂಡ ನಾಯಕ ಪೀಟರ್ ಲೇಲರ್ ಶಾಸನ ಸಭೆಗೇ ಹೋಗಿ ಕೂತ.

"ಅಂದ್ರೆ ಸ್ಟ್ರೈಕ್ ಗೆದ್ದಂಗಾಯ್ತು," ಅಂದರು ಅಪ್ಪ.

ಎಲ್ಲರಿಗೂ ಅಲ್ಲ ಅನ್ನೋದನ್ನೂ ಹೇಳಬೇಕು. ಅದೇ 1855ರಲ್ಲಿ ವಿಕ್ಟೋರಿಯಾಗೆ ಹಡಗಲ್ಲಿ ಬಂದಿಳಿಯುವ ಚೀನೀಯರಿಗೆ ತಲೆಗೆ ಹತ್ತು ಪೌಂಡ್ ತೆರಿಗೆ ಹಾಕಿದರು. ಅದನ್ನು ತಪ್ಪಿಸಿಕೊಳ್ಳೋಕೆ ಅವರು ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, ಅಲ್ಲಿಂದ ಸುಮಾರು 400 ಕಿ.ಮೀ. ನಡೆದುಕೊಂಡು ಬರುತ್ತಿದ್ದರು. ಚೀನೀ ಡೇರೆಗಳ ಸಾಲು ಕೂಡ ಅಲ್ಲಿ ಇದೆ, ಜನ ಬೇಗ ದಾಟಿ ಹೋಗುತ್ತಾರೆ. ನಾನೂ ಹಿಂದಿನ ಸಲ ಹಾಗೇ ಮಾಡಿದ್ದೆ.

ಇಂಜಿನ್ ಮನೆ ಸಿಕ್ಕಿದ ಮೇಲೆ ಅಪ್ಪ ನಮ್ಮನ್ನು ಮರೆತರು. ಉಗಿಯಲ್ಲಿ ಓಡುವ ವೈಂಡಿಂಗ್ ಇಂಜಿನ್. ಅಪ್ಪನ ಕಾಲಕ್ಕೆ ಎಲ್ಲ ಕರೆಂಟಿನದು, ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತಲ್ಲ. ಆದರೂ ಡ್ರಮ್ಮು ಡ್ರಮ್ಮೇ, ಹಗ್ಗ ಹಗ್ಗವೇ ಅಂದರು. ಅವರು ನೋಡುತ್ತಿದ್ದದ್ದು ಇಂಜಿನ್ನನ್ನಲ್ಲ, ಅದನ್ನು ಓಡಿಸುತ್ತಿದ್ದವನ ಕೈಯನ್ನು. ನಾನು ಅಪ್ಪನ ಕೈ ನೋಡಿದೆ. ಜರ್ಕಿನ್ ಜೇಬಿನೊಳಗೆ ಬಲಗೈ ಮೆಲ್ಲಗೆ ಹಿಂದೆ ಮುಂದೆ ಹೋಗುತ್ತಿತ್ತು, ಲಿವರ್ ಹಿಡಿದವರ ಹಾಗೆ. ಮಗ ಏನೋ ಕೇಳಿದ, ಉತ್ತರ ಇಲ್ಲ. ಕೇಜು ಓಡುವಾಗ ಡ್ರೈವರ್ ಜೊತೆ ಯಾರೂ ಮಾತಾಡುವ ಹಾಗಿಲ್ಲ, ಬರೀ ಸಿಗ್ನಲ್ ಗಂಟೆಯ ಸದ್ದು ಎಣಿಸೋದು, ಆಳ ತೋರಿಸುವ ಮುಳ್ಳು ನೋಡೋದು, ಅಂತ ಹೊರಗೆ ಬಂದ ಮೇಲೆ ಅವನಿಗೆ ಹೇಳಿದರು.

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ, ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು ಅಂದಾಗ ಮಗನಿಗೆ ತಾತ ಮೈನರ್ ಅಲ್ಲ ಅನ್ನೋ ಬೇಜಾರು ಹೋಯಿತು. ಒಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಮನೆ ಅಲಮಾರಿನಲ್ಲಿ ಸ್ಟೀಲ್ ಲೋಟಗಳು ಗಿಲಗಿಲ ಅನ್ನುತ್ತಿದ್ದವು. ರಾತ್ರಿ ಆ ಸದ್ದಾದರೆ ಲೈನಿನಲ್ಲಿ ಒಂದೊಂದೇ ಮನೆ ಲೈಟು ಹತ್ತೋದು, ಹೆಂಗಸರು ಬಾಗಿಲಲ್ಲಿ ನಿಂತು "ನಿಮ್ಮೋರು ಯಾವ ಶಿಫ್ಟು?" ಅಂತ ಕೇಳೋದು. ಇದನ್ನು ನಾನು ಅವನಿಗೆ ಹೇಳಲಿಲ್ಲ.

ಕೊನೆಗೆ ಹಳ್ಳ. ಇಲ್ಲಿ ತಟ್ಟೆ ಕೊಡುತ್ತಾರೆ, ಜಲ್ಲಿ ತೊಳೆದು ಚಿನ್ನ ಹುಡುಕಬಹುದು, ನಿಜವಾದ ಚಿನ್ನವೇ, ಸಾಸಿವೆಗಿಂತಲೂ ಚಿಕ್ಕ ಚೂರುಗಳು. ಮಗ ಅರ್ಧ ಗಂಟೆ ಕೈ ಕೆಂಪಗೆ ಮಾಡಿಕೊಂಡು ತೊಳೆದ. ಏನೂ ಇಲ್ಲ. ಅಪ್ಪ "ಹಂಗಲ್ಲ ಕೊಡು ಇಲ್ಲಿ" ಅಂತ ಪ್ಯಾಂಟು ಮಡಚಿ ಕೂತರು. ನೋಡಿದರೆ ಅಕ್ಕಿ ಜಾಲಿಸೋ ವರಸೆ! ನೀರು ತುಂಬೋದು, ಕುಲುಕೋದು, ವಾರೆ ಮಾಡಿ ಮೇಲಿನದನ್ನು ಬಿಡೋದು. ರೇಷನ್ ಅಕ್ಕಿಯ ಕಲ್ಲು ತೆಗೆದು ಪಳಗಿದ ಕೈ. ಅಲ್ಲಿ ತಳದಲ್ಲಿ ಉಳಿದದ್ದನ್ನು ಬಿಸಾಡೋದು, ಇಲ್ಲಿ ಇಟ್ಟುಕೊಳ್ಳೋದು, ಅಷ್ಟೇ ವ್ಯತ್ಯಾಸ. (ನಮ್ಮ ಧಾರವಾಡದ ಕಡೆ ಹಿಂದೆ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರನ್ನು ಜಲಗಾರರು ಅನ್ನುತ್ತಿದ್ದರು. ಈಗ ಆ ಪದಕ್ಕೆ ಬೇರೆಯೇ ಅರ್ಥ.)

ನಾಲ್ಕನೇ ಸಲಕ್ಕೆ ತಟ್ಟೆಯ ಅಂಚಿನ ಕಪ್ಪು ಮರಳಿನಲ್ಲಿ ಮೂರು ಚೂರು ಮಿಣುಕಿದವು. ಅಪ್ಪ ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು. "ಇದು ಹಿಂಗಿರ್ತದಾ," ಅಂದರು. ನಾನು ಪೆದ್ದಿ ಥರ, ನೀವು ನೋಡೇ ಇಲ್ವಾ ಅಂತ ಕೇಳಿದೆ. ಎಲ್ಲಿ ನೋಡೋದು, ಮೂವತ್ತು ವರ್ಷ ಮೇಲೆತ್ತಿದ್ದು ಬರೀ ಕಪ್ಪು ಕಲ್ಲು, ಚಿನ್ನ ಬೇರೆಯಾಗೋದು ಮಿಲ್ಲಿನಲ್ಲಿ, ಅಲ್ಲಿಗೆ ನಮಗೆ ಪ್ರವೇಶ ಇಲ್ಲ ಅಂದರು. ಅಂಗಡಿಯಲ್ಲಿ ಬೆರಳುದ್ದದ ಗಾಜಿನ ಸೀಸೆ ಕೊಂಡು ಮೂರು ಚೂರನ್ನೂ ನೀರಿನ ಸಮೇತ ಹಾಕಿಸಿದೆವು.

ಹೊರಗೆ ಬರುವಾಗ ಗೇಟಿನ ಹತ್ತಿರ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳು. ನಾನು ಮುಂದೆ ಹೋಗಿ ತಿರುಗಿ ನೋಡಿದರೆ ಅಪ್ಪ ಅವಳ ಮುಂದೆ ನಿಂತು ಜರ್ಕಿನ್ನಿನ ಎರಡೂ ಜೇಬು ಹೊರಗೆಳೆದಿದ್ದಾರೆ, ಒಂದು ಕೈಯಲ್ಲಿ ಸೀಸೆ, ಇನ್ನೊಂದರಲ್ಲಿ ನಾವು ಚಿತ್ರಾನ್ನ ತಂದಿದ್ದ ಡಬ್ಬಿ, ಮುಚ್ಚಳ ತೆಗೆದು. ಅವಳಿಗೆ ಗಾಬರಿ. ಕೆಜಿಎಫ್‌ನಲ್ಲಿ ಶಿಫ್ಟ್ ಬಿಟ್ಟಾಗ ದಿನಾ ಹೀಗೇ ತಪಾಸಣೆ ಇರುತ್ತಿತ್ತು. ಅದು ನಿಂತು ಎಷ್ಟೋ ವರ್ಷ ಆಯಿತು, ಗಣಿಯೇ 2001ರಲ್ಲಿ ಮುಚ್ಚಿತು.

"ರಸೀದಿ ಕೇಳಬೋದು, ಇಟ್ಕೊಂಡಿದೀಯಾ?" ಅಂತ ನನ್ನನ್ನು ಕೇಳಿದರು. ಅವಳು ನಕ್ಕು, ಅದು ನಿಮ್ಮದೇ, ತಗೊಂಡು ಹೋಗಿ ಅಂದಳು. ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಮುಚ್ಚಳ ಹಾಕಿ, ಜೇಬು ಒಳಗೆ ತಳ್ಳಿ, ಸೀಸೆಯನ್ನು ಮಾತ್ರ ಮೊಮ್ಮಗನ ಕೈಗೆ ಕೊಟ್ಟರು.

ಅದು ಈಗಲೂ ನಮ್ಮ ಅಡುಗೆಮನೆ ಕಿಟಕಿಯಲ್ಲೇ ಇದೆ. ಊರಿಗೆ ಹೊರಡುವಾಗ ತೆಗೆದುಕೊಂಡು ಹೋಗಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ, ಏರ್‌ಪೋರ್ಟ್‌ನಲ್ಲಿ ಯಾರಿಗೆ ಉತ್ತರ ಹೇಳೋದು ಅಂದರು. ಆಂಡರ್ಸನ್‌ಪೇಟೆಯ ಗೆಳೆಯರಿಗೆ ಅಂತ ಎರಡು ಪೊಟ್ಟಣ ರಾಸ್ಪ್‌ಬೆರಿ ಪೆಪ್ಪರ್‌ಮೆಂಟು ಒಯ್ದರು, ಅದರ ರಸೀದಿ ಸಮೇತ.