ಕಡೆಗೂ ಕಣಜದ ಬದಲು ಪತಂಗ

ತೀರ್ಥಹಳ್ಳಿಯ ನಮ್ಮ ಹಿತ್ತಲಿನ ಹೇರಳೆ ಗಿಡದಿಂದ ತಂದ ಎಲೆಯಲ್ಲಿ ಕಡೆಗೂ, ಎಲೆಯೊಳಗೆ ಸುರಂಗ ಕೊರೆದು ಬೆಳೆಯುವ ಹುಳುವಿನ ಫಿಲೋಕ್ನಿಸ್ಟಿಸ್ ಸಿಟ್ರೆಲ್ಲಾ ಪತಂಗವೇ ಹೊರಬಂದಿದೆ. ಬೆಳ್ಳಿಬಣ್ಣದ ರೆಕ್ಕೆ, ತುದಿಗೊಂದು ಕಪ್ಪು ಚುಕ್ಕೆ, ಮೈಯುದ್ದ ಸುಮಾರು 2 ಮಿಲಿಮೀಟರ್. 1856ರಲ್ಲಿ ಕಲ್ಕತ್ತೆಯ ಮಾದರಿಗಳನ್ನು ನೋಡಿ ಇದನ್ನು ವರ್ಣಿಸಿದ ಇಂಗ್ಲಿಷ್ ಕೀಟತಜ್ಞ ಸ್ಟೇಂಟನ್ನರ ಕಣ್ಣಿಗೆ ನಮಸ್ಕಾರ.

ಮರಿಹುಳುವನ್ನು ಸುರಂಗದಿಂದ ತೆಗೆದು ಬೇರೆ ಎಲೆಗೆ ಬಿಟ್ಟರೆ ಬದುಕದೆಂಬುದು ಸಾಕುವವರಿಗೆಲ್ಲ ಗೊತ್ತಿರುವುದೇ. ಅದು ಎಲೆಯಂಚನ್ನು ಮಡಚಿಕೊಂಡು ಕೋಶವಾಗುವವರೆಗೂ ಗಿಡದಲ್ಲೇ ಬಿಟ್ಟು, ಆಮೇಲೆ ಮಡಿಕೆಯನ್ನಷ್ಟೇ ಕತ್ತರಿಸಿ ಕೊಳವೆಗೆ ಹಾಕತೊಡಗಿದ ಮೇಲೆ ಮಳೆಗಾಲದ ಬೂಷ್ಟು ತಕ್ಕಮಟ್ಟಿಗೆ ಹತೋಟಿಗೆ ಬಂತು. ಹತೋಟಿಗೆ ಬಾರದೆ ಉಳಿದದ್ದು ಕಣಜ. ಮುಚ್ಚಳ ತೆರೆದಾಗಲೆಲ್ಲ ಮರಿಹುಳುವನ್ನೇ ತಿಂದು ಬೆಳೆಯುವ, ಯುಲೋಫಿಡೆ ಕುಟುಂಬದ ಪುಟ್ಟ ಪರಾವಲಂಬಿ ಕಣಜಗಳೇ ಹೊರಡುತ್ತಿದ್ದವು. ಅಂಥ ಎಲೆಯನ್ನು ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ನೋಡಿದರೆ ಸುರಂಗದ ನಡುವಿನ ಹಿಕ್ಕೆಯ ಗೆರೆ ಅರ್ಧಕ್ಕೇ ನಿಂತಿರುತ್ತದೆ. ಸೊರಗಿದ ಹುಳುವಿನ ಪಕ್ಕದಲ್ಲಿ ಕಣಜದ ಕಪ್ಪು ಕೋಶ, ಅದರ ಸುತ್ತ ಚಾವಣಿ ಕುಸಿಯದಂತೆ ತನ್ನ ಹಿಕ್ಕೆಯಿಂದಲೇ ಕಣಜದ ಮರಿ ನಿಲ್ಲಿಸಿಕೊಂಡ ಗಿಡ್ಡ ಕಂಬಗಳು. ಮಂಟಪವೇನೋ ಸೊಗಸಾಗಿತ್ತು, ಮದುಮಗ ಮಾತ್ರ ಬೇರೆಯವನು.

ಕಣಜ ಸೇರದಂತೆ ಚಿಗುರಿಗೆ ಬಟ್ಟೆ ಕಟ್ಟೋಣವೆಂದರೆ, ಅತಿ ಸಣ್ಣ ಕಣ್ಣಿನ ಜಾಲರಿಯೆಂದು ಹಣ ಪಡೆದ ಅಂಗಡಿಯವರು ಕಳಿಸಿದ್ದು ಅಪ್ಪಟ ಸೊಳ್ಳೆಪರದೆ. ಅದರೊಳಗೆ ಈ ಕಣಜಗಳು ಮೆರವಣಿಗೆಯನ್ನೇ ಹೊರಡಿಸಬಹುದು. ಹಳೆಯ ವಾಯಿಲ್ ಸೀರೆ ಆ ಕೊರತೆಯನ್ನು ನೀಗಿಸಿತು. ಮುಂದಿನ ಸರದಿಯ ಗೇರೆಲೆಗೂ ಅದೇ ಸಾಕು, ಆದರೆ ಅಲ್ಲಿ ಬೊಕ್ಕೆಯಂತೆ ಉಬ್ಬುವ ಸುರಂಗ ಮಾಡುವ ಅಕ್ರೋಸರ್ಕಾಪ್ಸ್ ಸಿಂಗ್ರಮ್ಮಾ ಪತಂಗದ ಹುಳು ಮಣ್ಣಿಗಿಳಿದು ಕೋಶವಾಗುವುದರಿಂದ ಕೊಳವೆಯ ಬದಲು ಕುಂಡಗಳನ್ನು ಹೊಂದಿಸಬೇಕಾಗಿದೆ.

ಹೇರಳೆಯಲ್ಲಿ ತೊಡಕೇನೆಂದರೆ, ಬಟ್ಟೆ ಸದಾ ಕಟ್ಟಿದ್ದರೆ ಪತಂಗವೂ ಮೊಟ್ಟೆಯಿಡಲಾರದು. ಆದರೆ ಪತಂಗ ಮೊಟ್ಟೆಯಿಡುವುದು ಸಂಜೆಗತ್ತಲಲ್ಲಿ ಮತ್ತು ರಾತ್ರಿ, ಕಣಜ ದುಡಿಯುವುದು ಹಗಲಿನಲ್ಲಿ. ಆದ್ದರಿಂದ ಕೊಂಬೆ ಸವರಿ ಹೊಸ ಚಿಗುರು ಬರಿಸಿ, ಕತ್ತಲಾದ ಮೇಲೆ ಬಟ್ಟೆ ಬಿಚ್ಚಿ, ಬೆಳಕು ಹರಿಯುವ ಮುನ್ನ ಮತ್ತೆ ಕಟ್ಟಿ, ಎಳೆಯೆಲೆಯ ನಡುನರದ ಬಳಿ ಮೊಟ್ಟೆ ಕಂಡೊಡನೆ ಬಿಚ್ಚುವುದನ್ನೇ ನಿಲ್ಲಿಸಿದೆ. ನಸುಕಿನಲ್ಲಿ ಗಿಡಕ್ಕೆ ಸೀರೆ ಉಡಿಸುವವನೆಂಬ ಹೆಸರು ಕೇರಿಯಲ್ಲಿ ಬಿಟ್ಟಿಯಾಗಿ ಬಂತು.

ಕಟ್ಟಿನ ಬುಡಕ್ಕೆ ಹತ್ತಿ ಸುತ್ತಿದ ಚಿಗುರುಗಳಲ್ಲಿ ಈಗ ಪತಂಗ ಬರುತ್ತಿದೆ. ಬರಿಯ ದಾರ ಬಿಗಿದವುಗಳಲ್ಲಿ ಇನ್ನೂ ಕಣಜವೇ.